ಮೂರನೇ ಕ್ಲಾಸಿಗೆ ಕಂಪ್ಯೂಟರ್, ಕಂಪ್ಯೂಟರ್ ಇಲ್ಲದೆ

ಕಾವೂರಿನ ಯಾವ ಶಾಲೆಯ ಅಂಗಳವಾದರೂ ಸಾಕು; ಮಳೆ ಬಂದರೆ ಜಗಲಿ. ಸೀಮೆಸುಣ್ಣದಲ್ಲಿ ಚೌಕ ಗೀಚಿ, ಒಬ್ಬನನ್ನು ರೋಬೋಟ್ ಮಾಡಿ ನಿಲ್ಲಿಸಿ. "ಎರಡು ಹೆಜ್ಜೆ ಮುಂದೆ, ಬಲಕ್ಕೆ ತಿರುಗು, ಒಂದು ಹೆಜ್ಜೆ." ಹೇಳಿದ್ದನ್ನಷ್ಟೇ ಅವನು ಮಾಡಬೇಕು. "ತಿರುಗು" ಬಿಟ್ಟುಹೋಯಿತೋ, ನೇರ ಹೋಗಿ ಗೋಡೆ ಮುಟ್ಟುತ್ತಾನೆ. ಕ್ಲಾಸಿಡೀ ನಗು! ಎಲ್ಲಿ ತಪ್ಪಿತೆಂದು ಹುಡುಕಿ ಸರಿಮಾಡುವುದೇ ಡೀಬಗ್ಗಿಂಗ್. ಕಂಪ್ಯೂಟರಿನ ಪೇಂಟ್‌ನಲ್ಲಿ ಮನೆ ಬಿಡಿಸುವುದು ಆಮೇಲೂ ಆದೀತು.

ಮುಂದಿನ ಪಾಠ ಪಾಸ್‌ವರ್ಡ್‌ನದು. ಅದಕ್ಕೆ ಹೆಸರು, ಹುಟ್ಟಿದ ದಿನ ಬೇಡ. ಸಂಬಂಧವೇ ಇಲ್ಲದ ನಾಲ್ಕು ಪದಗಳನ್ನು ಮಕ್ಕಳು ಜೋಡಿಸಲಿ: ಗೋಳಿಬಜೆ, ಲಾರಿ, ಕೊಡೆ, ಗುರುವಾರ. ಉದ್ದ ಇದ್ದಷ್ಟೂ ಊಹಿಸುವುದು ಕಷ್ಟ. (ಇದನ್ನೇ ಇಡಬೇಡಿ ಮಾರಾಯ್ರೇ, ಈಗ ಎಲ್ಲರಿಗೂ ಗೊತ್ತಾಯ್ತು.)

ಇನ್ನು ಗೇಮ್‌ನಲ್ಲಿ ಸಿಕ್ಕ ಯಾರೋ "ಅಣ್ಣ" ಫೋಟೋ ಕೇಳಿ, "ಮನೇಲಿ ಹೇಳ್ಬೇಡ" ಅಂದರೆ? ಆ ಮಾತೇ ಅಪಾಯದ ಗುರುತು. ಮಗು ಬಂದು ಹೇಳಿದ ಕೂಡಲೇ ನಾವು ಫೋನ್ ಕಿತ್ತುಕೊಂಡರೆ, ಮುಂದಿನ ಸಲ ಅದು ಬಾಯಿ ಬಿಡುವುದಿಲ್ಲ. ಬೈಯಬೇಡಿ. ಚಾಟ್ ಅಳಿಸಬೇಡಿ, ಅದು ಸಾಕ್ಷಿ. ಮಕ್ಕಳ ಸಹಾಯವಾಣಿ 1098. ಖಾತೆಯಿಂದ ದುಡ್ಡು ಹೋಗಿದ್ದರೆ 1930, ಅದೂ ತಕ್ಷಣ: ವಂಚಕರು ಬೇರೆ ಖಾತೆಗೆ ದಾಟಿಸುವ ಮೊದಲೇ ಬ್ಯಾಂಕ್ ಅದನ್ನು ತಡೆಹಿಡಿಯಬಹುದು.