ಶಾಲೆ ಗೋಡೆ ಮೇಲಿನ ದೇವರು: ಸಂವಿಧಾನ ಹೇಳೋದೇನು, ನಾವು ಜಗಳ ಆಡ್ತಿರೋದು ಯಾವುದಕ್ಕೆ?

ಸರ್ಕಾರಿ ಶಾಲೆಯ ಗೋಡೆ ಮೇಲೆ ದೇವರ ಫೋಟೊ ಇರಬಹುದಾ, ಇರಬಾರದಾ? ಕರ್ನಾಟಕದಲ್ಲಿ ಈ ಪ್ರಶ್ನೆ ಒಂದೆರಡು ವರ್ಷಕ್ಕೊಮ್ಮೆ ಹೊಸ ವೇಷ ಹಾಕಿಕೊಂಡು ಬರುತ್ತೆ.

2022ರ ನವೆಂಬರ್‌ನಲ್ಲಿ ಬಣ್ಣದ ವೇಷದಲ್ಲಿ ಬಂತು. ‘ವಿವೇಕ’ ಯೋಜನೆಯಲ್ಲಿ ಕಟ್ಟಲಿದ್ದ 7,500ಕ್ಕೂ ಹೆಚ್ಚು ಶಾಲಾ ಕೊಠಡಿಗಳಿಗೆ ಕೇಸರಿ ಬಳಿಸುವ ಯೋಚನೆ ಅಂದಿನ ಬಿಜೆಪಿ ಸರ್ಕಾರದ್ದಾಗಿತ್ತು. ರಾಷ್ಟ್ರಧ್ವಜದಲ್ಲೂ ಕೇಸರಿ ಇದೆಯಲ್ಲ ಅನ್ನೋದು ಶಿಕ್ಷಣ ಸಚಿವರಾಗಿದ್ದ ಬಿ.ಸಿ. ನಾಗೇಶ್ ಅವರ ವಾದ. 2024ರ ಫೆಬ್ರುವರಿಯಲ್ಲಿ ಅದೇ ಪ್ರಶ್ನೆ ಬರಹದ ವೇಷದಲ್ಲಿ ಬಂತು. ಕಾಂಗ್ರೆಸ್ ಸರ್ಕಾರದ ಸಮಾಜ ಕಲ್ಯಾಣ ಇಲಾಖೆಗೆ ಸೇರಿದ ಕೆಲವು ವಸತಿ ಶಾಲೆಗಳಲ್ಲಿ, ಶಾಲೆಯನ್ನು ದೇಗುಲ ಅಂತ ಕರೆದು ಕೈಮುಗಿದು ಬರಲು ಹೇಳುತ್ತಿದ್ದ ಹಳೆಯ ಬರಹ ಹೋಗಿ, ಧೈರ್ಯವಾಗಿ ಪ್ರಶ್ನಿಸಿ ಅನ್ನೋ ಬರಹ ಬಂತು. ವಿಧಾನಸಭೆಯಲ್ಲಿ ಗದ್ದಲವಾಯಿತು. ಇದು ಕುವೆಂಪು ಅವರಿಗೆ ಅವಮಾನ ಅಂತ ವಿರೋಧ ಪಕ್ಷ, ಪ್ರಶ್ನೆ ಕೇಳಿ ಅನ್ನೋದ್ರಲ್ಲಿ ತಪ್ಪೇನಿದೆ ಅಂತ ಸರ್ಕಾರ.

ಕುವೆಂಪು ಹುಟ್ಟಿದ್ದು ನಮ್ಮ ಪಕ್ಕದ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ. ಯುವಕರು ನಿರಂಕುಶಮತಿಗಳಾಗಬೇಕು ಅಂತ ಕರೆ ಕೊಟ್ಟವರೂ ಅವರೇ. ಹಾಗಾಗಿ ಆ ಜಗಳದಲ್ಲಿ ಎರಡೂ ಕಡೆಯವರಿಗೆ ಬೇಕಾದ ಕುವೆಂಪು ಸಿಕ್ಕಿದರು. ಆದರೆ ಎರಡೂ ಸಲ ಆ ಬಾಗಿಲಿನಿಂದ ಒಳಗೆ ಹೋಗುವ ಮಗುವಿನ ಬಗ್ಗೆ ಮಾತಾಡಿದವರು ಕಮ್ಮಿ. ನಾನು ಕಳಸದಿಂದ ಬರೀತಿದ್ದೀನಿ. ಇಲ್ಲಿನ ಸಣ್ಣ ಶಾಲೆಗಳನ್ನು ಕಣ್ಣ ಮುಂದೆ ಇಟ್ಟುಕೊಂಡರೆ ಈ ಚರ್ಚೆ ಬೇರೆ ಥರ ಕಾಣುತ್ತೆ.

ಕಾನೂನಿನಲ್ಲಿ ಏನಿದೆ?

ಸಂವಿಧಾನದ 28ನೇ ವಿಧಿ ಶಾಲೆಗಳನ್ನು ಬೇರೆ ಬೇರೆಯಾಗಿ ನೋಡುತ್ತೆ. ಪೂರ್ತಿ ಸರ್ಕಾರದ ದುಡ್ಡಿನಲ್ಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಲೇಬಾರದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಅದು ಇರಬಹುದು, ಆದರೆ ಯಾರನ್ನೂ ಒತ್ತಾಯ ಮಾಡುವಂತಿಲ್ಲ. ಮಗು ಅಪ್ರಾಪ್ತ ವಯಸ್ಸಿನದಾಗಿದ್ದರೆ ಪೋಷಕರ ಒಪ್ಪಿಗೆ ಬೇಕು. ಅಲ್ಲಿನ ಪೂಜೆ, ಪ್ರಾರ್ಥನೆಗೂ ಇದೇ ನಿಯಮ.

ಇಲ್ಲಿ ಒಂದು ವಿಷಯ ಗಮನಿಸಿ. ಅನುದಾನಿತ ಶಾಲೆಯಲ್ಲಿ ‘ಒಪ್ಪಿಗೆ ಇದ್ದರೆ ಸರಿ’ ಅಂದ ಸಂವಿಧಾನ, ಸರ್ಕಾರಿ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಒಪ್ಪಿಗೆಯ ಮಾತನ್ನೇ ಆಡಲ್ಲ. ಊರಿನವರೆಲ್ಲ ಸೇರಿ ಒಪ್ಪಿದರೂ ಆಗಲ್ಲ. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಈ ವಿಧಿಯ ಚರ್ಚೆ ನಡೆದಾಗ ಅಂಬೇಡ್ಕರ್ ಇದನ್ನು ಸಮರ್ಥಿಸಿಕೊಂಡರು. ಎಲ್ಲರ ದುಡ್ಡು ಒಂದು ಧರ್ಮಕ್ಕೆ ಬಳಕೆಯಾಗಬಾರದು, ಇಷ್ಟೊಂದು ಧರ್ಮಗಳಿರುವ ದೇಶದಲ್ಲಿ ಪ್ರತಿಯೊಂದೂ ತನ್ನದೇ ಸರಿಯಾದ ದಾರಿ ಅನ್ನುವಾಗ ಶಾಲೆಯೊಳಗೆ ಜಗಳ ತಂದುಕೊಳ್ಳಬಾರದು ಅನ್ನೋದು ಅವರ ಮಾತಿನ ತಿರುಳು.

ಹಾಗಂತ ಶಾಲೆಯಲ್ಲಿ ಧರ್ಮದ ಸುದ್ದಿಯೇ ಎತ್ತಬಾರದು ಅಂತ ಅಲ್ಲ. ಪಂಜಾಬಿನ ಡಿಎವಿ ಕಾಲೇಜು ಪ್ರಕರಣದಲ್ಲಿ 1971ರಲ್ಲೇ ಸುಪ್ರೀಂ ಕೋರ್ಟ್ ಈ ಗೆರೆ ಎಳೆದಿದೆ: ಗುರುನಾನಕರ ಬದುಕು, ಬೋಧನೆಗಳನ್ನು ಅಧ್ಯಯನ ಮಾಡೋದು ಧಾರ್ಮಿಕ ಬೋಧನೆ ಅಲ್ಲ. 2002ರ ಅರುಣಾ ರಾಯ್ ಪ್ರಕರಣದಲ್ಲೂ ಕೋರ್ಟ್ ಧರ್ಮಗಳ ಬಗ್ಗೆ ಕಲಿಸೋದಕ್ಕೆ ಅಡ್ಡಿ ಹೇಳಲಿಲ್ಲ.

ಇದಕ್ಕೆ ಉದಾಹರಣೆ ನಮ್ಮೂರಲ್ಲೇ ಇದೆ. ಕಳಸ–ಕಾರ್ಕಳ ಆಳಿದ ಭೈರರಸರು ಜೈನರು. 1432ರಲ್ಲಿ ಕಾರ್ಕಳದ ಬಾಹುಬಲಿ ನಿಲ್ಲಿಸಿದ ಮನೆತನ ಅದು. ಅದೇ ಮನೆತನದವರು ಕಳಸನಾಥನ ಗುಡಿಗೆ ದಾನ ಕೊಟ್ಟ ಶಾಸನಗಳಿವೆ. ಇನ್ನು ಕಾಫಿ. ಹಜ್‌ಗೆ ಹೋಗಿದ್ದ ಬಾಬಾ ಬುಡನ್ ಬರುವಾಗ ಯೆಮೆನ್‌ನಿಂದ ಏಳು ಬೀಜ ತಂದರು ಅನ್ನೋ ಐತಿಹ್ಯ ಈ ಜಿಲ್ಲೆಯವರಿಗೆಲ್ಲ ಗೊತ್ತು. ಈ ಎರಡನ್ನೂ ಬಿಟ್ಟು ಕಳಸದ ಮಗುವಿಗೆ ಅದರ ಊರಿನ ಚರಿತ್ರೆ ಹೇಳೋಕೆ ಆಗಲ್ಲ. ಜೈನ ಅರಸ, ಶಿವನ ಗುಡಿ, ಸೂಫಿ ಸಂತ ಎಲ್ಲರೂ ಪಾಠಕ್ಕೆ ಬರಲಿ. ಪಾಠದಲ್ಲಿ ಮಗು ಕೈ ಎತ್ತಿ ಪ್ರಶ್ನೆ ಕೇಳುತ್ತೆ. ಪೂಜೆಯಲ್ಲಿ ಕೈ ಜೋಡಿಸಬೇಕು. ವ್ಯತ್ಯಾಸ ಇರೋದು ಅಲ್ಲಿ.

ಬೇರೆ ದೇಶಗಳಲ್ಲಿ

28ನೇ ವಿಧಿ ಬೋಧನೆ, ಪೂಜೆ ಬಗ್ಗೆ ಹೇಳುತ್ತೆ. ಫೋಟೊ ಬಗ್ಗೆ ಒಂದು ಮಾತೂ ಇಲ್ಲ. ಬರೀ ಗೋಡೆಗೆ ತೂಗು ಹಾಕಿದ ವಸ್ತು ಬೋಧನೆ ಆಗುತ್ತಾ? ಈ ಪ್ರಶ್ನೆ ಬೇರೆ ದೇಶಗಳಲ್ಲಿ ನೇರವಾಗಿ ಕೋರ್ಟಿಗೆ ಹೋಗಿದೆ.

ಅಮೆರಿಕದ ಕೆಂಟಕಿ ರಾಜ್ಯ ಪ್ರತಿ ತರಗತಿಯಲ್ಲೂ ಬೈಬಲಿನ ಹತ್ತು ಆಜ್ಞೆಗಳನ್ನು ತೂಗು ಹಾಕಬೇಕು ಅಂತ ಕಾನೂನು ಮಾಡಿತ್ತು. 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2024ರಲ್ಲಿ ಲೂಸಿಯಾನಾ ಮತ್ತೆ ಅಂಥದ್ದೇ ಕಾನೂನು ತಂದು ಹಳೇ ಜಗಳ ಹೊಸದಾಯಿತು. ಇಟಲಿಯಲ್ಲಿ ಒಬ್ಬ ತಾಯಿ ತನ್ನ ಮಕ್ಕಳ ಶಾಲೆಯ ಶಿಲುಬೆ ತೆಗೆಸಬೇಕು ಅಂತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. 2009ರಲ್ಲಿ ಗೆದ್ದರು. 2011ರಲ್ಲಿ ಹದಿನೇಳು ನ್ಯಾಯಾಧೀಶರ ದೊಡ್ಡ ಪೀಠ ತೀರ್ಪು ತಿರುಗಿಸಿತು. ಗೋಡೆ ಮೇಲಿನ ಶಿಲುಬೆ ಸುಮ್ಮನೆ ಇರುವ ಚಿಹ್ನೆ, ಪಾಠದಂತೆ ಅದು ಮಗುವಿನ ಮೇಲೆ ಪ್ರಭಾವ ಬೀರಲ್ಲ ಅನ್ನೋದು ಅದರ ಒಂದು ಮುಖ್ಯ ಕಾರಣ.

ನಮ್ಮಲ್ಲೂ ಇದೇ ಮಾತು ಕೇಳಿಬರುತ್ತೆ: ‘ಫೋಟೊ ಪಾಡಿಗೆ ಫೋಟೊ ಇದೆ, ನಿಮಗೇನು ಕಷ್ಟ?’

ನಮ್ಮಲ್ಲಿ ಫೋಟೊ ಸುಮ್ಮನೆ ಇರಲ್ಲ

ಇಟಲಿಯ ತರ್ಕ ಇಲ್ಲಿ ನಿಲ್ಲಲ್ಲ ಅನ್ನೋದು ನನ್ನ ಅನಿಸಿಕೆ. ನಮ್ಮ ಕಡೆ ದೇವರ ಫೋಟೊ ಬರೀ ಫೋಟೊ ಆಗಿ ಉಳಿಯೋದು ಅಪರೂಪ. ಸೋಮವಾರ ಮೊಳೆ ಹೊಡೆದರೆ ಶುಕ್ರವಾರಕ್ಕೆ ಹೂವು ಬರುತ್ತೆ. ಆಮೇಲೆ ಕುಂಕುಮ, ಊದುಬತ್ತಿ, ಒಂದು ಸಣ್ಣ ಸ್ಟ್ಯಾಂಡು. ವರ್ಷ ಕಳೆಯೋದರಲ್ಲಿ ಪೂಜೆಗೆ ಒಂದು ಹೊತ್ತು, ಹೂ ತರೋಕೆ ಒಂದು ಮಗು, ಸಾಲಿನಲ್ಲಿ ನಿಂತು ಕೈಮುಗಿಯೋಕೆ ಉಳಿದ ಮಕ್ಕಳು.

ನಾನು ಓದಿದ ಪ್ರಾಥಮಿಕ ಶಾಲೆಯಲ್ಲೂ ಶುಕ್ರವಾರ ಅಂದ್ರೆ ಸರಸ್ವತಿ ಪೂಜೆ. ಮಂಡಕ್ಕಿ, ಹುರಿಗಡಲೆ, ಬೆಲ್ಲ ಸಿಗ್ತಿತ್ತು. ನಮಗೆಲ್ಲ ಖುಷಿಯ ದಿನ. ಯಾರೂ ಯಾರನ್ನೂ ಬೈದಿಲ್ಲ, ಹೆದರಿಸಿಲ್ಲ. ಶೃಂಗೇರಿ ಶಾರದೆ ಇರುವ ಜಿಲ್ಲೆಯಲ್ಲಿ ಸರಸ್ವತಿಯನ್ನು ಮನೆಯವಳು ಅಂದುಕೊಳ್ಳೋದು ಸಹಜ ಕೂಡ. ಹೀಗೆ ಯಾರ ದುರುದ್ದೇಶವೂ ಇಲ್ಲದೆ ನಡೆಯುತ್ತೆ ಅನ್ನೋದೇ ಇದನ್ನು ಚರ್ಚೆ ಮಾಡೋದು ಕಷ್ಟವಾಗಲು ಕಾರಣ.

ಎಂಜಿನಿಯರಿಂಗ್‌ನಲ್ಲಿ ನಮಗೆ ಹೇಳಿಕೊಟ್ಟ ಒಂದು ವಿಷಯ ಇಲ್ಲಿ ನೆನಪಾಗುತ್ತೆ. ಯಾವುದೇ ಸಾಫ್ಟ್‌ವೇರ್‌ನಲ್ಲಿ ಒಂದು ಡಿಫಾಲ್ಟ್ ಸೆಟ್ಟಿಂಗ್ ಇರುತ್ತೆ. ಅದು ಯಾರಿಗೆ ಹೊಂದುತ್ತೋ ಅವರಿಗೆ ಅಂಥದ್ದೊಂದು ಇದೆ ಅನ್ನೋದೇ ಗೊತ್ತಾಗಲ್ಲ. ಹೊಂದದವರು ಮಾತ್ರ ಮೆನು ಒಳಗೆ ಹೋಗಿ ಹುಡುಕಿ ಬದಲಾಯಿಸಿಕೊಳ್ಳಬೇಕು. ಶಾಲೆಯ ಗೋಡೆಯೂ ಹಾಗೇ. ಬೇಡದ ಮಗು ಪಕ್ಕಕ್ಕೆ ನಿಲ್ಲಲಿ, ಒತ್ತಾಯ ಇಲ್ಲವಲ್ಲ ಅಂತೀವಿ. ನೂರಾರು ಮಕ್ಕಳಿರುವ ಬೆಂಗಳೂರಿನ ಶಾಲೆಯಲ್ಲಿ ಅದು ಆಗಬಹುದೇನೋ.

ಹನ್ನೆರಡು ಮಕ್ಕಳ ಶಾಲೆ

ಕಳಸ, ಸಂಸೆ, ಹೊರನಾಡು ಸುತ್ತಿನ ತೋಟಗಳ ನಡುವೆ ಇರುವ ಶಾಲೆಗಳನ್ನು ನೆನೆಸಿಕೊಳ್ಳಿ. ಒಂದೋ ಎರಡೋ ಕೋಣೆ, ಒಬ್ಬರೋ ಇಬ್ಬರೋ ಟೀಚರ್. ಹನ್ನೆರಡು ಮಕ್ಕಳಲ್ಲಿ ಒಂದು ಮಗು ಕೈಮುಗಿಯದೆ ನಿಂತರೆ ಅದು ಎಲ್ಲರಿಗೂ ಕಾಣುತ್ತೆ. ಮಳೆಗಾಲದಲ್ಲಿ ಹೊರಗೆ ನಿಲ್ಲು ಅನ್ನೋಕೂ ಜಾಗ ಇಲ್ಲ. ಬೇರೆ ಶಾಲೆಗೆ ಹೋಗೋಣ ಅಂದ್ರೆ ಇನ್ನೊಂದು ಶಾಲೆ ಗುಡ್ಡದಾಚೆ.

ಅಲ್ಲಿ ಓದ್ತಿರೋದು ಯಾರ ಮಕ್ಕಳು? ಕೈಯಲ್ಲಿ ಸ್ವಲ್ಪ ದುಡ್ಡಿರುವವರ ಮಕ್ಕಳು ಹಳದಿ ಬಸ್ಸು ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋಗ್ತಾರೆ. ಸರ್ಕಾರಿ ಶಾಲೆಗೆ ಉಳಿಯೋರು ಹೆಚ್ಚಾಗಿ ಲೈನು ಮನೆಗಳ ಮಕ್ಕಳು: ದಲಿತರು, ಮಲೆಕುಡಿಯರು, ಹಸಲರು, ಮುಸ್ಲಿಮರು, ಕ್ರಿಶ್ಚಿಯನ್ನರು, ಈಚೆಗೆ ತೋಟದ ಕೆಲಸಕ್ಕೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರ ಮಕ್ಕಳು. ಇವರ ಅಪ್ಪ ಅಮ್ಮ ಶಾಲೆಗೆ ಬಂದು ‘ನಮ್ಮ ಮಗುವಿಗೆ ಇದು ಬೇಡ ಮೇಷ್ಟ್ರೇ’ ಅಂತ ಹೇಳ್ತಾರಾ? ಫೋಟೊ ಕೊಡಿಸಿದ ದಾನಿಯೇ ಒಮ್ಮೊಮ್ಮೆ ತೋಟದ ಮಾಲೀಕ ಆಗಿರ್ತಾರೆ. ಸಂವಿಧಾನ ಸರ್ಕಾರಿ ಶಾಲೆಗೆ ಬಂದಾಗ ಒಪ್ಪಿಗೆಯ ಮಾತನ್ನೇ ಯಾಕೆ ಬಿಟ್ಟಿತು ಅನ್ನೋದು ಇಲ್ಲಿ ಅರ್ಥವಾಗುತ್ತೆ. ಬೇಡ ಅನ್ನೋಕೆ ಆಗದವರ ಒಪ್ಪಿಗೆಗೆ ಬೆಲೆ ಇಲ್ಲ.

ಇದು ಹಿಂದೂ–ಮುಸ್ಲಿಂ ಲೆಕ್ಕ ಮಾತ್ರ ಅಲ್ಲ. ಲೈನು ಮನೆಯ ಎಷ್ಟೋ ಹಿಂದೂ ಮಕ್ಕಳ ಮನೆದೇವರು ಪಂಜುರ್ಲಿ, ಗುಳಿಗ, ಚೌಡಿ. ಯಾವ ಶಾಲೆಯ ಗೋಡೆ ಮೇಲೂ ಚೌಡಿಯ ಫೋಟೊ ನಾನು ನೋಡಿಲ್ಲ. ಯಾವ ದೇವರು ಶಾಲೆಗೆ ಬರಬಹುದು, ಯಾವುದು ಬನದಲ್ಲೇ ಇರಬೇಕು ಅನ್ನೋದನ್ನು ಯಾರೋ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ‘ನಮ್ಮ ಸಂಸ್ಕೃತಿ’ ಅನ್ನುವಾಗ ಆ ‘ನಮ್ಮ’ ಒಳಗೆ ಯಾರಿದ್ದಾರೆ ಅಂತಲೂ ಕೇಳಬೇಕಾಗುತ್ತೆ.

ಹಾಗಾದ್ರೆ ಎಲ್ಲವನ್ನೂ ತೆಗೀಬೇಕಾ?

ಇದಕ್ಕೆ ಎದುರಾಗಿ ಬರುವ ಪ್ರಶ್ನೆಗಳು ಹಗುರವಾದವಲ್ಲ. 2004ರಲ್ಲಿ ನಾಡಗೀತೆಯಾದ ಕುವೆಂಪು ಪದ್ಯದಲ್ಲೇ ಮತಾಚಾರ್ಯರ ಹೆಸರಿದೆ. 2024ರಲ್ಲಿ ಸಾಂಸ್ಕೃತಿಕ ನಾಯಕ ಅಂತ ಘೋಷಣೆಯಾದ ಬಸವಣ್ಣನವರ ಭಾವಚಿತ್ರ ಸರ್ಕಾರಿ ಕಚೇರಿಗಳಿಗೆ ಬಂತು. ಸುಪ್ರೀಂ ಕೋರ್ಟಿನ ಲಾಂಛನದ ಧ್ಯೇಯವಾಕ್ಯ ಬಂದಿರೋದೇ ಮಹಾಭಾರತದಿಂದ. ಕೇಂದ್ರೀಯ ವಿದ್ಯಾಲಯಗಳ ಸಂಸ್ಕೃತ ಪ್ರಾರ್ಥನೆ ಪ್ರಶ್ನಿಸಿದ ಅರ್ಜಿ ಸುಪ್ರೀಂ ಕೋರ್ಟಿಗೆ ಬಂದಾಗ ಇದೇ ಮಾತು ಎದ್ದಿತು. 2019ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದನ್ನು ಸಂವಿಧಾನ ಪೀಠವೇ ನೋಡಲಿ ಅಂದಿತು. ಅಂದ್ರೆ ಕೋರ್ಟಿಗೂ ಇದು ಸುಲಭದ ಲೆಕ್ಕ ಅಲ್ಲ.

ಸಂಸ್ಕೃತಿ ಎಲ್ಲಿ ಮುಗಿದು ಧರ್ಮ ಎಲ್ಲಿ ಶುರುವಾಗುತ್ತೆ ಅಂತ ಅಳೆಯೋಕೆ ಟೇಪು ಇಲ್ಲ, ನಿಜ. ಆದರೆ ಮಗು ಏನು ಮಾಡಬೇಕಾಗುತ್ತೆ ಅನ್ನೋದನ್ನು ಕಣ್ಣಾರೆ ನೋಡಬಹುದು. 1986ರ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತಿದ್ದರು, ತಮ್ಮ ನಂಬಿಕೆಯ ಕಾರಣಕ್ಕೆ ಹಾಡಲಿಲ್ಲ. ಅಷ್ಟಕ್ಕೇ ಶಾಲೆಯಿಂದ ಹೊರಹಾಕಿದ್ದರು. ವಾಪಸ್ ಸೇರಿಸಿಕೊಳ್ಳಿ ಅಂದಿತು ಸುಪ್ರೀಂ ಕೋರ್ಟ್. ರಾಷ್ಟ್ರಗೀತೆಯ ವಿಷಯದಲ್ಲೇ ಹೀಗಿರುವಾಗ ಆರತಿಯ ವಿಷಯ ಹೇಳೋದೇ ಬೇಡ.

ಇನ್ನೊಂದು ಗೊಂದಲ ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. 2022ರ ಜನವರಿಯಲ್ಲಿ ಕೊಪ್ಪದ ಬಾಳಗಡಿ ಸರ್ಕಾರಿ ಕಾಲೇಜಿನಲ್ಲಿ ಹಿಜಾಬ್ ವಿರೋಧಿಸಿ ಕೇಸರಿ ಶಾಲು ಬಂತು. ಮುಂದಿನ ತಿಂಗಳು ಚಿಕ್ಕಮಗಳೂರಿನ ಐಡಿಎಸ್‌ಜಿ ಕಾಲೇಜಿನಲ್ಲಿ ಹಿಜಾಬ್ ಪರ ನೀಲಿ ಶಾಲು ಬಂತು. ಮಾರ್ಚ್ 15ರಂದು ಹೈಕೋರ್ಟ್ ಸರ್ಕಾರದ ಸಮವಸ್ತ್ರ ಆದೇಶ ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ಗಲಾಟೆಯಲ್ಲಿ ಒಂದು ವ್ಯತ್ಯಾಸ ಮರೆತೇಹೋಯಿತು. ಹುಡುಗಿಯ ತಲೆ ಮೇಲಿನ ಬಟ್ಟೆ ಅವಳದ್ದು. ಶಾಲೆಯ ಗೋಡೆ ಸರ್ಕಾರದ್ದು. 28ನೇ ವಿಧಿ ಲಗಾಮು ಹಾಕೋದು ಸಂಸ್ಥೆಗೆ, ಮಗುವಿಗಲ್ಲ. ನಾವು ಮಕ್ಕಳ ಮೈಮೇಲಿನ ಬಟ್ಟೆ ಬಗ್ಗೆ ವರ್ಷಗಟ್ಟಲೆ ಜಗಳ ಆಡಿದ್ವಿ, ಗೋಡೆ ಕಡೆ ತಿರುಗಿಯೂ ನೋಡಲಿಲ್ಲ.

ಎಸ್‌ಡಿಎಂಸಿ ಏನು ಮಾಡಬಹುದು?

ಮೇಲಿನಿಂದ ಬರುವ ಆದೇಶದಿಂದ ಇದು ಸರಿಹೋಗುತ್ತೆ ಅಂತ ನನಗನಿಸಲ್ಲ. ಒಂದು ಸರ್ಕಾರ ಬಣ್ಣ ಬಳಿಸುತ್ತೆ, ಇನ್ನೊಂದು ಬರಹ ಬದಲಾಯಿಸುತ್ತೆ, ಮೂರನೆಯದು ಮತ್ತೆ ಸುಣ್ಣ ಹೊಡೆಸುತ್ತೆ. ಇರುವ ಫೋಟೊಗಳನ್ನು ನಾಳೆಯೇ ಕಿತ್ತುಹಾಕಿ ಅಂತಲೂ ನಾನು ಹೇಳ್ತಿಲ್ಲ. ಹಾಗೆ ಮಾಡಿದರೆ ಮರುದಿನ ಶಾಲೆ ಮುಂದೆ ಬಾವುಟಗಳು ಬರ್ತವೆ, ಪಾಠ ನಿಲ್ಲುತ್ತೆ. ನಷ್ಟ ಅದೇ ಹನ್ನೆರಡು ಮಕ್ಕಳಿಗೆ.

ಪ್ರತಿ ಸರ್ಕಾರಿ ಶಾಲೆಗೂ ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದ್ರೆ ಎಸ್‌ಡಿಎಂಸಿ ಇರುತ್ತೆ. ಗೋಡೆಗೆ ಏನೇ ಬರಲಿ, ಸಮಿತಿ ಎರಡು ಪ್ರಶ್ನೆ ಕೇಳಿಕೊಳ್ಳಲಿ. ಇದರ ಮುಂದೆ ಮಗು ಏನಾದರೂ ಮಾಡಬೇಕಾಗುತ್ತಾ? ಇದರ ಬಗ್ಗೆ ಮಗು ಹೆದರದೆ ಪ್ರಶ್ನೆ ಕೇಳಬಹುದಾ? ಮಾಡಬೇಕಾಗುತ್ತೆ, ಕೇಳೋ ಹಾಗಿಲ್ಲ ಅಂತಾದರೆ ಅದರ ಜಾಗ ಶಾಲೆ ಅಲ್ಲ. ಈ ಅಳತೆ ಅಂಬೇಡ್ಕರ್, ಬಸವಣ್ಣನವರ ಫೋಟೊಗೂ ಅನ್ವಯಿಸಲಿ. ಅವರ ಬಗ್ಗೆ ಪಾಠ ನಡೆಯಲಿ, ಅವರ ಮುಂದೆ ಊದುಬತ್ತಿ ಬೇಡ. ಸಂವಿಧಾನದ ಪ್ರಸ್ತಾವನೆ ಓದಿಸಬೇಕು ಅಂತ 2023ರಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತಲ್ಲ, ಅದನ್ನೂ ಮಂತ್ರದ ಥರ ಬಾಯಿಪಾಠ ಮಾಡಿಸದೆ ಅರ್ಥ ಹೇಳಿ ಓದಿಸಲಿ.

ಶುರು ಮಾಡೋಕೆ ಸುಲಭದ ಕೆಲಸ ಇದೆ. ಶುಕ್ರವಾರದ ಮಂಡಕ್ಕಿ ಇರಲಿ, ಅದಕ್ಕೆ ಪೂಜೆಯ ನಂಟು ಬೇಡ. ಕೋಣೆಯ ಗೋಡೆಗೆ ಮಕ್ಕಳೇ ಬರೆದ ಚಿತ್ರ, ಊರಿನ ನಕ್ಷೆ, ಭದ್ರಾ ಹೊಳೆ, ಕಾಫಿ ಗಿಡ ಬರಲಿ. ಹೊಸದಾಗಿ ಯಾರಾದರೂ ಫೋಟೊ ಕೊಡ್ತೀನಿ ಅಂದ್ರೆ ತೀರ್ಮಾನಕ್ಕೆ ಮೊದಲು ಸಭೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು, ಮಾತಾಡದೆ, ಹೆಬ್ಬೆಟ್ಟು ಒತ್ತಿ ಎದ್ದು ಹೋಗುವ ಲೈನು ಮನೆಯ ತಾಯಿಯನ್ನು ಒಂದು ಮಾತು ಕೇಳಿ. ಸಭೆಯಲ್ಲಿ ಹೇಳೋಕೆ ಮುಜುಗರ ಆದರೆ ಟೀಚರ್ ಮನೆಗೇ ಹೋಗಿ ಕೇಳಲಿ. ಆಕೆ ಏನು ಹೇಳ್ತಾರೆ ಅನ್ನೋದು ಇಷ್ಟು ವರ್ಷದ ಚರ್ಚೆಯಲ್ಲಿ ನಮಗೆ ಕೇಳಿಸಿಲ್ಲ.