ಗುಡ್ಡಕ್ಕೆ ಓಡಿ!

ಅಕ್ಕಂದಿರೇ, ನಾವು ಇಂಡೋನೇಷ್ಯಾ ದೇಶದ ಸಿಮುಲುವೆ ದ್ವೀಪಕ್ಕೆ ಹೋಗಿ ಬರೋಣವೇ? ದ್ವೀಪ ಅಂದ್ರೆ ಸುತ್ತಲೂ ನೀರಿರುವ ನೆಲ. ಅಲ್ಲಿ ದಡ ಒಳಕ್ಕೆ ಬಾಗಿದ ಕಡೆ ಸಮುದ್ರ ಕೆರೆಯ ಹಾಗೆ ಶಾಂತ. ದಡದಲ್ಲಿ ತೆಂಗು, ಹಿಂದೆ ಹಸಿರು ಗುಡ್ಡ. ಅಲ್ಲೇ ಕೂತುಬಿಡೋಣ ಅನ್ನಿಸುತ್ತೆ.

ಇದೇ ಸಮುದ್ರದಿಂದ 1907ರಲ್ಲಿ ದೊಡ್ಡ ಅಲೆ ಬಂದು ತುಂಬಾ ಜನ ಸತ್ತರು. ಆ ಅಲೆಯನ್ನು ಅವರು 'ಸ್ಮಾಂಗ್' ಅಂತಾರೆ. ನಾವು ಸುನಾಮಿ ಅಂತೀವಿ. ಆಮೇಲೆ ಅಜ್ಜ ಅಜ್ಜಿಯರು ಮಕ್ಕಳಿಗೆ ಹೇಳುತ್ತಾ ಬಂದರು: "ಭೂಮಿ ಜೋರಾಗಿ ನಡುಗಿ ಸಮುದ್ರ ಹಿಂದಕ್ಕೆ ಸರಿದರೆ ಮೀನು ಹೆಕ್ಕಲು ಹೋಗಬೇಡಿ. ಗುಡ್ಡಕ್ಕೆ ಓಡಿ."

2004ರ ಡಿಸೆಂಬರ್ 26ರಂದು ಭೂಮಿ ನಡುಗಿತು. ಜನ ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತಿದರು. ಮನೆಗಳು ಕೊಚ್ಚಿಹೋದವು. ಆದರೆ ಸುಮಾರು 78 ಸಾವಿರ ಜನರಲ್ಲಿ ಸತ್ತವರು ಬರೀ 7 ಮಂದಿ.

ಅಂದಹಾಗೆ, ಎಲ್ಲ ಸಲವೂ ನೀರು ಮೊದಲು ಹಿಂದೆ ಸರಿಯೋದಿಲ್ಲ. ಸಮುದ್ರದ ದಡದಲ್ಲಿ ನೆಲ ಜೋರಾಗಿ ನಡುಗಿದ್ರೆ ಕಾಯಬಾರದು.