ಪಾರ್ಶ್ವವಾಯು, ನ್ಯುಮೋನಿಯಾ ಮತ್ತು ಸೂಜಿ: ಎಲ್ಲರೂ ಪಾಸಾಗುವ ಪರೀಕ್ಷೆಯನ್ನು ನಂಬೋದು ಹೇಗೆ?

ಪಾರ್ಶ್ವವಾಯು ಅಂದಕೂಡಲೇ ನಮಗೆ ನೆನಪಾಗೋದು ಸ್ವಾಧೀನ ತಪ್ಪಿದ ಕೈಕಾಲು, ಸೊಟ್ಟಗಾದ ಬಾಯಿ. ಆದರೆ ಆಸ್ಪತ್ರೆ ಸೇರಿದ ಮೊದಲ ವಾರದಲ್ಲೇ ಎಷ್ಟೋ ರೋಗಿಗಳನ್ನು ಇನ್ನೊಂದು ಕಾಯಿಲೆ ಹಿಡಿಯುತ್ತೆ: ನ್ಯುಮೋನಿಯಾ.

ಕಾರಣ ಗಂಟಲಲ್ಲಿದೆ. ಪಾರ್ಶ್ವವಾಯುವಾದ ಆರಂಭದ ದಿನಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳಿಗೆ ಸರಿಯಾಗಿ ನುಂಗಲು ಆಗೋದಿಲ್ಲ. ನೀರು, ಗಂಜಿ, ಕೊನೆಗೆ ಎಂಜಲು ಕೂಡ ಅನ್ನನಾಳದ ಬದಲು ಶ್ವಾಸನಾಳಕ್ಕೆ ಜಾರುತ್ತೆ. ಕೆಲವರಿಗೆ ಕೆಮ್ಮೂ ಬರೋದಿಲ್ಲ, ಹಾಗಾಗಿ ಪಕ್ಕದಲ್ಲಿ ಕೂತವರಿಗೂ ಗೊತ್ತಾಗಲ್ಲ. ಜೊತೆಗೆ, ಪೆಟ್ಟು ತಿಂದ ಮಿದುಳು ದೇಹದ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತೆ.

ಚೀನಾದ ಆಸ್ಪತ್ರೆಗಳಲ್ಲಿ ಇದಕ್ಕೆ ಆಂಟಿಬಯಾಟಿಕ್ ಜೊತೆಗೆ ಆಕ್ಯುಪಂಕ್ಚರ್ ಸೂಜಿ, ಬೆನ್ನಿಗೆ ಕಪ್ಪಿಂಗ್ ಬಳಸುವುದುಂಟು. ಜ್ವರ ಬೇಗ ಇಳಿಯಿತು, ಕಫ ಕಡಿಮೆಯಾಯಿತು ಅಂತ ಅಲ್ಲಿನ ಅಧ್ಯಯನಗಳು ಹೇಳುತ್ತವೆ. ‘ಪೂರಕ ಚಿಕಿತ್ಸೆ ತಾನೆ, ಮಾಡಿದರೆ ನಷ್ಟವೇನು?’ ಅಂತ ಅನ್ನಿಸೋದು ಸಹಜ.

ಇಂಥ ಅಧ್ಯಯನಗಳನ್ನು ಸಾಮಾನ್ಯವಾಗಿ ಹೇಗೆ ಮಾಡುತ್ತಾರೆ ನೋಡಿ. ಒಂದು ಗುಂಪಿಗೆ ಆಂಟಿಬಯಾಟಿಕ್ ಮಾತ್ರ, ಇನ್ನೊಂದಕ್ಕೆ ಆಂಟಿಬಯಾಟಿಕ್ ಮತ್ತು ಸೂಜಿ. ಎರಡನೇ ಗುಂಪಿಗೆ ಸೂಜಿಯಷ್ಟೇ ಅಲ್ಲ, ಹೆಚ್ಚಿನ ಆರೈಕೆಯೂ ಸಿಗುತ್ತೆ. ಬೆನ್ನಿಗೆ ಕಪ್ ಹಾಕಬೇಕಾದರೆ ರೋಗಿಯನ್ನು ಮಗ್ಗುಲು ತಿರುಗಿಸಲೇಬೇಕು. ಹಾಗೆ ತಿರುಗಿಸುವುದೇ ಶ್ವಾಸಕೋಶಕ್ಕೆ ಒಳ್ಳೆಯದು. ಹಾಗಾದರೆ ಕೆಲಸ ಮಾಡಿದ್ದು ಕಪ್ಪೋ, ಮಗ್ಗುಲು ಬದಲಿಸಿದ್ದೋ? ಚರ್ಮದೊಳಗೆ ಇಳಿಯದ ನಕಲಿ ಸೂಜಿಯ ಜೊತೆ ಹೋಲಿಸದೆ ಇಂಥ ಪ್ರಶ್ನೆಗೆ ಉತ್ತರ ಸಿಗಲ್ಲ.

1998ರಲ್ಲಿ ಆಂಡ್ರ್ಯೂ ವಿಕರ್ಸ್ ಮತ್ತು ಸಂಗಡಿಗರು ಬೇರೆ ಬೇರೆ ದೇಶಗಳ ಆಕ್ಯುಪಂಕ್ಚರ್ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಚೀನಾ, ಜಪಾನ್, ಹಾಂಗ್‌ಕಾಂಗ್, ತೈವಾನ್‌ನಿಂದ ಬಂದವುಗಳಲ್ಲಿ ಒಂದೂ ಫೇಲ್ ಆಗಿರಲಿಲ್ಲ! ತರಗತಿಯಲ್ಲಿ ಎಲ್ಲರೂ ಪಾಸಾದರೆ ಮಕ್ಕಳನ್ನು ಹೊಗಳುವ ಮೊದಲು ಪ್ರಶ್ನೆಪತ್ರಿಕೆಯನ್ನೊಮ್ಮೆ ನೋಡಬೇಕಲ್ವಾ?

ಇದು ‘ಅಲೋಪತಿ ವರ್ಸಸ್ ಸಾಂಪ್ರದಾಯಿಕ’ ಜಗಳ ಅಲ್ಲ. ನುಂಗಲಾಗದ ರೋಗಿಗಳಿಗೆ ಮುಂಚೆಯೇ ಆಂಟಿಬಯಾಟಿಕ್ ಕೊಟ್ಟರೆ ನ್ಯುಮೋನಿಯಾ ತಡೆಯಬಹುದು ಅನ್ನೋದು ತರ್ಕಬದ್ಧ ಯೋಚನೆಯೇ. ಬ್ರಿಟನ್‌ನಲ್ಲಿ 1,200ಕ್ಕೂ ಹೆಚ್ಚು ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದರು. 2015ರಲ್ಲಿ ಬಂದ ಫಲಿತಾಂಶ: ನ್ಯುಮೋನಿಯಾ ಕಡಿಮೆಯಾಗಲಿಲ್ಲ. ಆಂಟಿಬಯಾಟಿಕ್‌ಗೆ ಇಟ್ಟ ಪರೀಕ್ಷೆಯನ್ನೇ ಸೂಜಿಗೂ ಇಡೋಣ ಅನ್ನೋದಷ್ಟೇ ವಾದ.

ಹಾಗಾದರೆ ನಿಜವಾಗಿ ನೆರವಾಗಿದ್ದು ಯಾವುದು? ಆಸ್ಟ್ರೇಲಿಯಾದ 19 ಪಾರ್ಶ್ವವಾಯು ಘಟಕಗಳಲ್ಲಿ ನಡೆದ ಪ್ರಯೋಗವೊಂದರಲ್ಲಿ ನರ್ಸ್‌ಗಳು ಮೂರೇ ವಿಷಯಕ್ಕೆ ಗಮನ ಕೊಟ್ಟರು: ಜ್ವರ, ಸಕ್ಕರೆ ಪ್ರಮಾಣ, ನುಂಗುವಿಕೆ. 90 ದಿನಗಳ ನಂತರ ಸತ್ತವರು ಅಥವಾ ಪರಾವಲಂಬಿಗಳಾದವರು ಇತರ ಘಟಕಗಳಲ್ಲಿ ಶೇ 58, ಇಲ್ಲಿ ಶೇ 42. ಇದು ಪ್ರಕಟವಾಗಿದ್ದು 2011ರಲ್ಲಿ. ಹೊಸ ಔಷಧಿ ಇಲ್ಲ, ದುಬಾರಿ ಯಂತ್ರ ಇಲ್ಲ.

ನಮ್ಮಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ಆಕ್ಯುಪಂಕ್ಚರ್‌ಗೆ ಚಿಕಿತ್ಸಾ ಪದ್ಧತಿಯ ಮಾನ್ಯತೆ ಕೊಟ್ಟಿದೆ. ಕಪ್ಪಿಂಗ್ ‘ಹಿಜಾಮಾ’ ಹೆಸರಲ್ಲಿ ಯುನಾನಿ ಪದ್ಧತಿಯ ಭಾಗ. ಆದರೆ ಮಾನ್ಯತೆ ಅಂದರೆ ಪ್ರತಿ ಕಾಯಿಲೆಗೂ ಪುರಾವೆ ಅಂತ ಅಲ್ಲ. ಪಾರ್ಶ್ವವಾಯು ರೋಗಿಗಳಲ್ಲಿ ಅನೇಕರು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಗೋತಿರ್ತಾರೆ. ಚರ್ಮ ಗೀರಿ ರಕ್ತ ತೆಗೆಯುವ ಕಪ್ಪಿಂಗ್ ಅಂಥವರಿಗೆ ಅಪಾಯ. ವೈದ್ಯರಿಗೆ ತಿಳಿಸದೆ ಏನನ್ನೂ ಮಾಡಿಸಬೇಡಿ.

ಮನೆಯವರಿಗೆ ಪಾರ್ಶ್ವವಾಯು ಬಡಿದಾಗ ವಾರ್ಡ್‌ನಲ್ಲಿ ಮೊದಲು ಕೇಳಬೇಕಾದ್ದು, ‘ನುಂಗುವ ಪರೀಕ್ಷೆ ಆಯ್ತಾ?’ ಅಂತ. ಅದಾಗುವವರೆಗೆ ಪ್ರೀತಿಯಿಂದಲೂ ಒಂದು ಚಮಚ ಎಳನೀರು ಬಾಯಿಗೆ ಹಾಕಬೇಡಿ. ಬಾಯಿ ಸ್ವಚ್ಛವಾಗಿಡಿ, ವೈದ್ಯರು ಒಪ್ಪಿದರೆ ತಲೆಭಾಗ ಎತ್ತರಿಸಿ ಕೂರಿಸಿ.

ಜನಪ್ರತಿನಿಧಿಗಳನ್ನು ಕೇಳೋಕೂ ಒಂದು ಪ್ರಶ್ನೆ ಇದೆ: ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಈ ಪರೀಕ್ಷೆ ಮಾಡಲು ತರಬೇತಿ ಪಡೆದ ನರ್ಸ್‌ಗಳು ಎಷ್ಟು ಜನ ಇದ್ದಾರೆ? ರಾತ್ರಿ ಪಾಳಿಯಲ್ಲಿ?